ಕೋಳಿ ಕದ್ದದ್ದು ಯಾವ ಹದ್ದು?

ನಮ್ಮ ಜಮೀನು ಹುಣಸೂರು ತಾಲ್ಲೂಕಿನಲ್ಲಿ, ನಾಗರಹೊಳೆ ಕಾಡಿನ ಅಂಚಿನಲ್ಲಿದೆ. ಹೋದ ವರ್ಷ ಒಂದೇ ವಾರದಲ್ಲಿ ನಾಲ್ಕು ನಾಟಿಕೋಳಿ ಮರಿ ಕಾಣೆಯಾದವು. ಹಳ್ಳದ ಬದಿಯ ಮತ್ತಿಮರದಲ್ಲಿ ದಿನಾ ಒಂದು ದೊಡ್ಡ ಹದ್ದು ಕೂರುತ್ತಿತ್ತು. "ಇದೇ ಕಣಣ್ಣ ಕಳ್ಳ. ಮರ ಕಡಿಸಿಬಿಡು, ಬ್ಯಾರನ್ನಿಗೆ ಸೌದೆನೂ ಆಯ್ತದೆ" ಎಂದ ಪಕ್ಕದ ಹೊಲದವನು. ನನಗೂ ಹೌದೆನ್ನಿಸಿತು. ಹೊಗೆಸೊಪ್ಪು ಬೇಯಿಸುವ ನಮಗೆ ಸೌದೆಯ ಚಿಂತೆ ಸದಾ ಇದ್ದದ್ದೇ.

ಕಡಿಸುವ ಮೊದಲು ಎರಡು ದಿನ ಸುಮ್ಮನೆ ನೋಡಿದೆ. ಹದ್ದು ಗಂಟೆಗಟ್ಟಲೆ ಅಲ್ಲಾಡದೆ ಕೂತು ನೆಲವನ್ನೇ ದಿಟ್ಟಿಸುತ್ತಿತ್ತು. ಎರಡನೇ ದಿನ ಗದ್ದೆ ಬದುವಿಗೆ ಇಳಿದು ಮೇಲೆದ್ದಾಗ ಕಾಲಲ್ಲಿ ಹಾವು ನೇತಾಡುತ್ತಿತ್ತು!

ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ಇದರ ಹೆಸರು ಪನ್ನಗಾರಿ, ಅಂದರೆ ಹಾವಿನ ಶತ್ರು. ಉದ್ದ ಎರಡು, ಎರಡೂವರೆ ಅಡಿ. ಕಡು ಕಂದು ಮೈ, ಹೊಟ್ಟೆಯ ಮೇಲೆ ಬಿಳಿ ಚುಕ್ಕೆ, ಕಣ್ಣಿನಿಂದ ಕೊಕ್ಕಿನವರೆಗೆ ಹಳದಿ ಚರ್ಮ. ಸಿಟ್ಟು ಬಂದರೆ ತಲೆಹಿಂದಿನ ಕಪ್ಪು-ಬಿಳಿ ಜುಟ್ಟು ಬೀಸಣಿಗೆಯಂತೆ ಬಿಚ್ಚುತ್ತದೆ. ಬಿಸಿಲೇರಿದ ಮೇಲೆ ಜೋರಾಗಿ ಕೂಗುತ್ತಾ ಆಕಾಶದಲ್ಲಿ ಸುತ್ತುವಾಗ ರೆಕ್ಕೆಯ ಅಂಚಿನುದ್ದಕ್ಕೂ ಅಗಲವಾದ ಬಿಳಿ ಪಟ್ಟಿ ಕಾಣುತ್ತದೆ. ಹಾವಲ್ಲದೆ ಓತಿ, ಕಪ್ಪೆ, ಇಲಿಯೂ ಇದರ ಆಹಾರ. ನಮ್ಮ ಸ್ನೇಹಿತ ಕೇರೆಯನ್ನೂ ಬಿಡುವುದಿಲ್ಲ ಅನ್ನುವುದು ನಿಜವೇ. ಗೂಡು ಕಟ್ಟುವುದು ನೀರಿನ ಹತ್ತಿರದ ದೊಡ್ಡ ಮರದಲ್ಲಿ. ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಹಾಗಾಗಿ ಮರ ಹೋದರೆ ಆ ವರ್ಷದ ಸಂತಾನವೇ ಹೋದಂತೆ.

ಹಾಗಾದರೆ ಕೋಳಿ ಒಯ್ದದ್ದು ಯಾರು? ಮುಂದಿನ ವಾರ ಕಣ್ಣೆದುರೇ ಸಿಕ್ಕಿತು. ತಿಪ್ಪೆಯ ಮೇಲಿದ್ದ ಮರಿಯನ್ನು ಎತ್ತಿದ್ದು ಜುಟ್ಟು ಗಿಡುಗ. ಇದೂ ಕಾಡಿನ ಹಕ್ಕಿಯೇ. ಕಾಡುಕೋಳಿ, ಮೊಲ, ಅಳಿಲು ಹಿಡಿಯುವಂಥದ್ದು. ಎರಡಕ್ಕೂ ಜುಟ್ಟಿರುವುದರಿಂದ ನಾವು ಮೋಸ ಹೋಗುತ್ತೇವೆ. ಕಾಲು ನೋಡಿ: ಪನ್ನಗಾರಿಯದು ಬೋಳು ಹಳದಿ ಕಾಲು. ಗಿಡುಗಕ್ಕೆ ಬೆರಳಿನ ಬುಡದವರೆಗೂ ಪುಕ್ಕ. ಅದರ ಎದೆ ಬಿಳಿ, ಮೇಲೆ ಕಂದು ಗೀರುಗಳು. ಜುಟ್ಟು ಉದ್ದವಾಗಿ ನೆಟ್ಟಗೆ ನಿಂತಿರುತ್ತದೆ.

ಹಾಗಂತ ಗಿಡುಗಕ್ಕೆ ವಿಷ ಇಡುವುದೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಎರಡನ್ನೂ ಕೊಲ್ಲುವಂತಿಲ್ಲ. ಮರಿಗಳು ದೊಡ್ಡವಾಗುವ ತನಕ ಹಳೇ ಬಲೆ ಹೊದಿಸಿದ ಗೂಡಲ್ಲಿ ಬಿಟ್ಟೆ. ಆಮೇಲೆ ಒಂದೂ ಹೋಗಿಲ್ಲ.

ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಕಾಡಂಚಿನ ರೈತರೇ, ಕೊಡಲಿ ಎತ್ತುವ ಮೊದಲು ಹಕ್ಕಿಯ ಕಾಲನ್ನೊಮ್ಮೆ ನೋಡಿ. ನಮ್ಮ ಮತ್ತಿಮರ ಇನ್ನೂ ನಿಂತಿದೆ. ಪನ್ನಗಾರಿಯೂ ಬರುತ್ತಿದೆ.