ದೊರೆಯಿಂದ ರಾಜ್ಯಪಾಲರವರೆಗೆ

ಶ್ರೀ ಜಯಚಾಮರಾಜೇಂದ್ರ ಒಡೆಯರವರು 1940ರಲ್ಲಿ ಪಟ್ಟವನ್ನೇರಿದಾಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ರೈತನಿಗೆ ವಂಶಪರಂಪರೆಯ ಪ್ರಭುಗಳು. ಆತನ ಸಮ್ಮತಿಯನ್ನು ಕೇಳಿದವರಾರು? 1950ರಲ್ಲಿ ಅವರು ರಾಜಪ್ರಮುಖರಾದರು. ಜಗಳೂರಿನ ನೆರೆಯ ಬಳ್ಳಾರಿ ಸೀಮೆಯು 1953ರಲ್ಲಿ ಮೈಸೂರನ್ನು ಸೇರಿತು. 1956ರ ನವೆಂಬರ್ 1ರಂದು ಹೊನ್ನಾಳಿಯ ನೆರೆಯ ಮುಂಬಯಿ ಸೀಮೆಯ ಕನ್ನಡಿಗರೂ ಕೂಡಿಕೊಂಡರು. ರಾಜಪ್ರಮುಖ ಪದವಿ ಅಂದೇ ಅಳಿಯಿತು. ಅವರು ರಾಷ್ಟ್ರಪತಿಗಳಿಂದ ನಿಯಮಿತರಾದ ರಾಜ್ಯಪಾಲರಾದರು. ವ್ಯಕ್ತಿ ಅವರೇ, ಅಧಿಕಾರದ ಮೂಲ ಮಾತ್ರ ಬೇರೆ. ಹಿಂದೆ ಮಂತ್ರಿಗಳನ್ನು ತಾವೇ ನೇಮಿಸಿದವರು ಈಗ ಪ್ರಜೆಗಳಾರಿಸಿದ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾಯಿತು. ಸಿಂಹಾಸನದಲ್ಲಿ ಕುಳಿತವರಿಗೆ ಇದು ಸುಲಭದ ಪಾಠವೆಂದು ನಮಗೆ ತೋರುವುದಿಲ್ಲ. 1964ರಲ್ಲಿ ಅವರು ಮದರಾಸಿನ ರಾಜ್ಯಪಾಲರಾಗಿ ತೆರಳಿದರು. ಅಲ್ಲಿ ಅವರಿಗಿದ್ದುದು ನೇಮಕದ ಹಕ್ಕು ಮಾತ್ರ, ವಂಶದ್ದಲ್ಲ.