ವಿವಾಹ ಸಮಾರಂಭದ ಛಾಯಾಚಿತ್ರಣ: ಬೆಳಕು ಮತ್ತು ಹವಾಮಾನದ ಬಗ್ಗೆ ಅರ್ಜಿದಾರರಿಗೆ ಮಾಹಿತಿ

1. ಹಿನ್ನೆಲೆ

ಹಿಂದೂ ವಿವಾಹ ಅಧಿನಿಯಮ, 1955ರ ಅನ್ವಯ ವಿವಾಹ ನೋಂದಣಿಗೆ ಅರ್ಜಿ ಸಲ್ಲಿಸುವವರು ಲಗ್ನಪತ್ರಿಕೆಯೊಂದಿಗೆ ವಿವಾಹದ ಛಾಯಾಚಿತ್ರವನ್ನೂ ಒದಗಿಸುವುದು ರೂಢಿಯಲ್ಲಿದೆ. ವಿವಾಹಗಳ ನೋಂದಣಿಯನ್ನು ಕಡ್ಡಾಯಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು. ಅಧಿನಿಯಮದ 7ನೇ ಪ್ರಕರಣದಲ್ಲಿ ಹೇಳಿರುವ ವಿಧಿಗಳು ನಡೆಯದಿದ್ದಲ್ಲಿ ಕೇವಲ ಪ್ರಮಾಣಪತ್ರದಿಂದ ವಿವಾಹವು ಸಿಂಧುವಾಗುವುದಿಲ್ಲವೆಂದು ಅದೇ ನ್ಯಾಯಾಲಯವು 2024ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಮಾಂಗಲ್ಯಧಾರಣೆ, ಸಪ್ತಪದಿ ಮುಂತಾದ ವಿಧಿಗಳನ್ನು ಸ್ಪಷ್ಟವಾಗಿ ತೋರಿಸುವ ಚಿತ್ರವು ನೆನಪಿನ ವಸ್ತುವಷ್ಟೇ ಅಲ್ಲ, ಉಪಯುಕ್ತ ದಾಖಲೆಯೂ ಹೌದು. ಮುಹೂರ್ತವು ಛಾಯಾಗ್ರಾಹಕರಿಗಾಗಿ ಕಾಯುವುದಿಲ್ಲ. ಬೆಳಕಿನ ಸಿದ್ಧತೆಯನ್ನು ಮುಂಚಿತವಾಗಿಯೇ ಮಾಡಿಕೊಳ್ಳುವುದು ಸೂಕ್ತ.

2. ಕಲ್ಯಾಣ ಮಂಟಪದ ಒಳಗೆ

(ಅ) ನಮ್ಮಲ್ಲಿ ವಿದ್ಯುತ್ ಸರಬರಾಜು 50 ಹರ್ಟ್ಸ್‌ನಲ್ಲಿರುವುದರಿಂದ ಟ್ಯೂಬ್‌ಲೈಟ್ ಹಾಗೂ ಹಲವು ಎಲ್‌ಇಡಿ ದೀಪಗಳ ಪ್ರಕಾಶವು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಇದು ಕಣ್ಣಿಗೆ ಕಾಣದಿದ್ದರೂ ಷಟರ್ ವೇಗ ಹೆಚ್ಚಾದಲ್ಲಿ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮೂಡಬಹುದು. ವೇಗವನ್ನು ಸೆಕೆಂಡಿನ 1/100 ಭಾಗಕ್ಕೆ ಹೊಂದಿಸಿದಲ್ಲಿ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ. 1/50ರಲ್ಲಿಯೂ ಪಟ್ಟಿಗಳು ತಪ್ಪುತ್ತವೆಯಾದರೂ ಚಲಿಸುವ ಕೈಗಳು ಮಸುಕಾಗುವ ಸಂಭವವಿರುತ್ತದೆ.

(ಆ) ಫ್ಲ್ಯಾಷ್ ಬೆಳಕನ್ನು ನೇರವಾಗಿ ಹಾಯಿಸಿದಾಗ ಸೀರೆಯ ಜರಿ ಮತ್ತು ಆಭರಣಗಳು ಅತಿಯಾಗಿ ಹೊಳೆದು ಮುಖದ ವಿವರಗಳು ಅಳಿಯುತ್ತವೆ. ಚಾವಣಿಯು ಬಿಳಿಯದಾಗಿದ್ದು ಹೆಚ್ಚು ಎತ್ತರವಿರದಿದ್ದಲ್ಲಿ ಫ್ಲ್ಯಾಷನ್ನು ಮೇಲಕ್ಕೆ ತಿರುಗಿಸಬಹುದು. ಬಣ್ಣದ ಚಾವಣಿಯಿಂದ ಮರಳುವ ಬೆಳಕು ಅದೇ ಬಣ್ಣವನ್ನು ಮುಖಕ್ಕೆ ತರುತ್ತದೆ.

(ಇ) ವಿಡಿಯೋ ದೀಪವು ವಧೂವರರ ಹಿಂದಿದ್ದಲ್ಲಿ ಮುಖಗಳು ಕಪ್ಪಾಗುತ್ತವೆ. ದೀಪವನ್ನು ಛಾಯಾಗ್ರಾಹಕರು ನಿಲ್ಲುವ ಬದಿಗೆ ಇರಿಸುವಂತೆ ಮುಹೂರ್ತಕ್ಕೆ ಮೊದಲೇ ತಿಳಿಸತಕ್ಕದ್ದು.

(ಈ) ಹೋಮದ ಹೊಗೆಯ ಮೇಲೆ ಫ್ಲ್ಯಾಷ್ ಬಿದ್ದಲ್ಲಿ ಚಿತ್ರಕ್ಕೆ ಬಿಳಿಯ ಪರದೆ ಬಿದ್ದಂತಾಗುತ್ತದೆ. ಗಾಳಿ ಬೀಸಿಬರುವ ದಿಕ್ಕಿನಲ್ಲಿ ನಿಂತು, ಫ್ಲ್ಯಾಷ್ ಇಲ್ಲದೆ ತೆಗೆಯುವುದು ಉತ್ತಮ.

(ಉ) ಮಾಂಗಲ್ಯಧಾರಣೆಯ ವೇಳೆ ತೂರಿಬರುವ ಅಕ್ಷತೆಯ ಮೇಲೆ ಕ್ಯಾಮೆರಾದ ಫೋಕಸ್ ಸರಿಯುವುದುಂಟು. ವಧುವಿನ ಮುಖದ ಮೇಲೆ ಫೋಕಸ್ ಅನ್ನು ಮೊದಲೇ ಸ್ಥಿರಗೊಳಿಸಿಕೊಳ್ಳುವುದು ಕ್ಷೇಮಕರ.

3. ಚಪ್ಪರ ಮತ್ತು ಬಯಲು

ಹಸಿರು ಗರಿಯ ಚಪ್ಪರದಡಿ ಮುಖಗಳಿಗೆ ಹಸಿರು ಛಾಯೆಯೂ, ಕೆಂಪು ಅಥವಾ ನೀಲಿ ಶಾಮಿಯಾನದಡಿ ಆ ಬಟ್ಟೆಯ ಬಣ್ಣವೂ ಬರುತ್ತದೆ. ಶಾಮಿಯಾನವನ್ನು ಬಾಡಿಗೆಗೆ ಪಡೆಯುವಾಗಲೇ ಬಿಳಿಯ ಒಳಪದರವಿರುವುದನ್ನು ಆರಿಸಿಕೊಂಡಲ್ಲಿ ಈ ತೊಂದರೆ ಕಡಿಮೆಯಾಗುತ್ತದೆ. ಬಿಳಿಯ ಪಂಚೆ ಅಥವಾ ಕಾಗದವನ್ನು ಆಧಾರವಾಗಿರಿಸಿ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಸರಿಪಡಿಸಿಕೊಳ್ಳಬಹುದು.

ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುವುದರಿಂದ ಪೇಟ ಮತ್ತು ಬಾಸಿಂಗದ ನೆರಳು ಕಣ್ಣುಗಳನ್ನು ಮುಚ್ಚುತ್ತದೆ. ಕುಟುಂಬದವರ ಸಮೂಹ ಚಿತ್ರವನ್ನು ಕಟ್ಟಡದ ನೆರಳಿನಲ್ಲಿ ತೆಗೆಯುವುದು ಲೇಸು. ಅರುಂಧತೀ ದರ್ಶನದಲ್ಲಿ ಆಕಾಶವೇ ಹಿನ್ನೆಲೆಯಾಗಿರುತ್ತದೆ. ಕ್ಯಾಮೆರಾವು ಆಕಾಶದ ಪ್ರಕಾಶವನ್ನೇ ಅಳೆಯುವುದರಿಂದ ಮುಖಗಳು ಕಪ್ಪಾಗುತ್ತವೆ. ಇಂತಹ ವೇಳೆ ಹಗಲಿನಲ್ಲಿಯೂ ಫ್ಲ್ಯಾಷ್ ಬಳಸಬಹುದು, ಅಥವಾ ಎಕ್ಸ್‌ಪೋಷರನ್ನು ಒಂದು ಹಂತ ಹೆಚ್ಚಿಸಬಹುದು. ಮೋಡ ಕವಿದ ದಿನದ ಮೃದುವಾದ ಬೆಳಕು ಮುಖಗಳಿಗೆ ಅನುಕೂಲಕರವಾಗಿರುತ್ತದೆ.

4. ಮಳೆ ಮತ್ತು ಸಿಡಿಲು

ರಾಜ್ಯದಲ್ಲಿ ವಿವಾಹಗಳು ಹೆಚ್ಚಾಗಿ ನಡೆಯುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಸಹಿತ ಮುಂಗಾರು ಪೂರ್ವ ಮಳೆಯಾಗುವುದು ಸಾಮಾನ್ಯ. ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹಿಂದಿನ ದಿನವೇ ನೋಡಿಕೊಂಡು, ಬಯಲಿನ ಚಿತ್ರಗಳನ್ನು ಬೆಳಗಿನ ಹೊತ್ತಿಗೆ ನಿಗದಿಪಡಿಸುವುದು ಅಪೇಕ್ಷಣೀಯ.

• ಮಳೆಯೊಂದಿಗೆ ವಿದ್ಯುತ್ ಸ್ಥಗಿತವಾಗುವ ಸಂಭವವಿರುವುದರಿಂದ ಬ್ಯಾಟರಿ ಚಾಲಿತ ದೀಪ ಮತ್ತು ಹೆಚ್ಚುವರಿ ಬ್ಯಾಟರಿಗಳನ್ನು ಇರಿಸಿಕೊಳ್ಳುವುದು.
• ಹವಾನಿಯಂತ್ರಿತ ಕೊಠಡಿಯಿಂದ ಹೊರಗಿನ ಬಿಸಿ ತೇವಕ್ಕೆ ತಂದಾಗ ಲೆನ್ಸ್ ಮೇಲೆ ಹನಿಗಟ್ಟುತ್ತದೆ. ಹೊರತರುವ ಮುನ್ನ ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲಿರಿಸಿ, ಹೊರಗೆ ಸುಮಾರು ಅರ್ಧ ಗಂಟೆ ಕಾಲ ಹಾಗೆಯೇ ಬಿಟ್ಟು ನಂತರ ತೆರೆಯುವುದು.
• ಗುಡುಗು ಕೇಳಿಸಿದ ಕೂಡಲೇ ಬಯಲು ಮತ್ತು ಮರದ ಅಡಿಯನ್ನು ಬಿಟ್ಟು ಕಟ್ಟಡದೊಳಕ್ಕೆ ತೆರಳುವುದು. ಯಾವ ಚಿತ್ರವೂ ಜೀವಕ್ಕಿಂತ ಮಿಗಿಲಲ್ಲ.

5. ಅರ್ಜಿಗಾಗಿ ಚಿತ್ರದ ಆಯ್ಕೆ

ವಧೂವರರಿಬ್ಬರ ಮುಖಗಳೂ, ನಡೆಯುತ್ತಿರುವ ವಿಧಿಯೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವಂತಿರಬೇಕು. ಮುಖಚಹರೆಯನ್ನು ಬದಲಿಸುವ ಫಿಲ್ಟರ್‌ಗಳನ್ನು ಬಳಸದಿರುವುದು ಒಳಿತು. ಚಿತ್ರೀಕರಣಕ್ಕೆ ಮುನ್ನ ಕ್ಯಾಮೆರಾದ ದಿನಾಂಕ ಮತ್ತು ಸಮಯವನ್ನು ಪರಿಶೀಲಿಸಿಕೊಳ್ಳಬೇಕು. ಮೊಬೈಲ್ ಸಂದೇಶದ ಮೂಲಕ ಕಳುಹಿಸಿದ ಪ್ರತಿಯ ಗುಣಮಟ್ಟ ಕುಗ್ಗಿರಬಹುದಾದುದರಿಂದ ಮೂಲ ಕಡತಗಳನ್ನು ಛಾಯಾಗ್ರಾಹಕರಿಂದ ಪಡೆದು ಎರಡು ಕಡೆ ಸಂರಕ್ಷಿಸಿಡತಕ್ಕದ್ದು.

6. ವಿಶೇಷ ಸೂಚನೆ

ಛಾಯಾಚಿತ್ರ ಸ್ಪಷ್ಟವಾಗಿ ಬಾರದ ಮಾತ್ರಕ್ಕೆ ವಿಧಿವತ್ತಾಗಿ ನಡೆದ ವಿವಾಹವು ಅಸಿಂಧುವಾಗುವುದಿಲ್ಲ. ನೋಂದಣಿಯಾಗದಿರುವುದರಿಂದಲೂ ವಿವಾಹದ ಸಿಂಧುತ್ವಕ್ಕೆ ಬಾಧಕವಿಲ್ಲವೆಂದು ಅಧಿನಿಯಮದ 8(5)ನೇ ಪ್ರಕರಣವು ತಿಳಿಸುತ್ತದೆ. ಸೂಕ್ತ ಚಿತ್ರ ಲಭ್ಯವಿಲ್ಲದವರು ಆತಂಕಪಡದೆ, ತಮ್ಮಲ್ಲಿರುವ ಇತರ ದಾಖಲೆಗಳೊಂದಿಗೆ ಸಂಬಂಧಪಟ್ಟ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದಾಗಿದೆ.