ಸದ್ದಿಗೆಂದು ಸಾಕಿದ ಕೋವಿ

ಚುನಾವಣೆ ಘೋಷಣೆಯಾಯಿತೆಂದರೆ ಎಣಿಕೆ ಮುಗಿಯುವ ತನಕ ಇಟ್ಟುಬರಲೆಂದು ಚನ್ನಗಿರಿ ಸೀಮೆಯ ಪೊಲೀಸ್ ಠಾಣೆಗಳಿಗೆ ಬೆಳೆ ಕಾಯುವ ಕೋವಿಗಳ ಸವಾರಿ ಶುರು. ಬೈಕಿನ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತ ಅಜ್ಜನ ತೊಡೆಯ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಗಂಟು. ಒಂದಕ್ಕೆ ಹಳೆಯ ಸೀರೆಯ ಸುತ್ತು, ಇನ್ನೊಂದಕ್ಕೆ ಅಡಿಕೆ ತುಂಬಿದ್ದ ಗೋಣಿಚೀಲ, ಮತ್ತೊಂದು ಮೊಮ್ಮಗನ ಕ್ರಿಕೆಟ್ ಬ್ಯಾಟಿನ ಚೀಲದಿಂದ ಮೂತಿ ಹೊರಹಾಕಿರುತ್ತದೆ. ಬಟ್ಟೆ ಬಿಚ್ಚುತ್ತಿದ್ದಂತೆ ಎಣ್ಣೆ, ಹೊಗೆ, ಅಟ್ಟದ ಧೂಳು ಮೂರೂ ಬೆರೆತ ವಾಸನೆ ಠಾಣೆಯ ಜಗಲಿಗೆ ಹರಡುತ್ತದೆ.

"ಏನಜ್ಜ, ಒಳಗೆ ಮದ್ದೇನಾದ್ರೂ ಐತಾ?"

"ಇಲ್ಲ ಸಾರ್, ಗಜ ಹಾಕಿ ನೋಡಿ."

ಪೇದೆ ಗಜ ಇಳಿಸಿ ನೋಡುತ್ತಾರೆ. ಕಬ್ಬಿಣದ ಕಡ್ಡಿ ನಳಿಗೆಯ ಬುಡ ಮುಟ್ಟಿ 'ಟಿಣ್' ಎನ್ನುತ್ತದೆ. ಬರಿದು ಎಂದು ಖಾತ್ರಿ. ಆಮೇಲೆ ನಂಬರು ಓದುವ ಕಷ್ಟ. ತಲೆಮಾರುಗಳ ಕೈ ಸವರಿ ಸವರಿ ಅಂಕಿಗಳು ಮಾಸಿಹೋಗಿವೆ. 3 ಇದ್ದದ್ದು 8 ಆಗಿ ಕಾಣುತ್ತದೆ. ಲೈಸೆನ್ಸ್ ಪುಸ್ತಕ ತೆರೆದು, ಕನ್ನಡಕ ಹಣೆಗೇರಿಸಿ, ಮೊಬೈಲ್ ಟಾರ್ಚು ಬಿಟ್ಟು ನೋಡಿ, ಕೊನೆಗೆ ರಟ್ಟಿನ ಚೀಟಿಯೊಂದನ್ನು ದಾರದಿಂದ ಕಟ್ಟಿ ಕೋವಿಯನ್ನು ಗೋಡೆಗೆ ಒರಗಿಸುತ್ತಾರೆ. ಸಂಜೆಯ ಹೊತ್ತಿಗೆ ಆ ಗೋಡೆ ಸಂಬಂಧಿಕರ ಮದುವೆಗೆ ಬಂದು ಊಟದ ಪಂಕ್ತಿಗೆ ಕಾಯುವ ಮುದುಕರ ಸಾಲಿನಂತೆ ಕಾಣುತ್ತದೆ.

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಪ್ರಕಟವಾಯಿತು. ಎಣಿಕೆ ನಡೆದದ್ದು ಜೂನ್ 4ಕ್ಕೆ. ಮನೆಯಿಂದ ಕೋವಿ ಹೋದರೆ ಹತ್ತಿರ ಹತ್ತಿರ ಎರಡೂವರೆ ತಿಂಗಳು. ಭದ್ರಾ ನಾಲೆಯ ನೀರಿರುವ ಕಡೆ ಗದ್ದೆ ತೋಟಗಳು ಹಸಿರಾಗಿರುವ, ಗುಡ್ಡವೆಲ್ಲ ಒಣಗಿರುವ ತಿಂಗಳುಗಳು ಅವು. ಬೆಳೆಗೆ ನುಗ್ಗುವ ಕಾಡುಹಂದಿಗೆ ಹಸಿರು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯ ಮಕ್ಕಳಾದದ್ದು ಈಚೆಗೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿಯೋ, ಹೊನ್ನಾಳಿಯ ಮಡಿಲಿನಿಂದ ಇಳಿದು 2018ರಲ್ಲಷ್ಟೇ ತಾನೂ ತಾಲ್ಲೂಕಾಯಿತು. ಉಬ್ರಾಣಿಯ ಕಾಡಿನ ಅಂಚಿನಲ್ಲಿ ಹೊರಟವನು ಸೂಳೆಕೆರೆಯ ಏರಿ ಹಾಯ್ದು, ತುಂಗಭದ್ರೆಯ ದಡ ನೋಡಿ, ಜಗಳೂರಿನ ಕೆಂಪು ಕಲ್ಲುನೆಲ ಸೇರುವಷ್ಟರಲ್ಲಿ ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ನಡುವಿಗೆ ಬಂದಿರುತ್ತಾನೆ. ಇದೇ ದಾರಿಯಲ್ಲಿ 'ಕೋವಿ' ಹೋಗಿ 'ಬಂದೂಕು' ಆಗುತ್ತದೆ, 'ಐತೆ' ಹೋಗಿ 'ಐತಿ' ಆಗುತ್ತದೆ. ಹಂದಿ ಮಾತ್ರ ಎಲ್ಲ ಕಡೆಯೂ ಹಂದಿಯೇ.

ಮದ್ದುಗುಂಡು ಈ ನೆಲಕ್ಕೆ ಹೊಸದಲ್ಲ. ಟಿಪ್ಪು ಸತ್ತ ಮೇಲೆ ಬ್ರಿಟಿಷರನ್ನು ವರ್ಷಕ್ಕೂ ಮೀರಿ ಓಡಾಡಿಸಿದ ಧೋಂಡಿಯಾ ವಾಘ್ ಹುಟ್ಟಿದ್ದು ಚನ್ನಗಿರಿಯಲ್ಲಿ. ಮುಂದೆ ವೆಲ್ಲಿಂಗ್ಟನ್ ಡ್ಯೂಕನಾದ ಆರ್ಥರ್ ವೆಲ್ಲೆಸ್ಲಿಯ ಪಡೆ 1800ರ ಸೆಪ್ಟೆಂಬರ್ 10ರಂದು ಅವನನ್ನು ಕೊಂದಿತು. ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಳೆಯ ಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಬಾವಿಯ ಮಣ್ಣು ಇನ್ನೂ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಇನ್ನೂರು ಮಳೆಗಾಲಕ್ಕೂ ಹೋಗದ ವಾಸನೆ ಅದು. ಕೋವಿ ತೊಳೆದು ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ತೊಳೆಯುವುದಕ್ಕೆ ಮುಂಚೆ ತುಂಬುವುದನ್ನು ನೋಡಬೇಕು. ಇಲ್ಲಿನ ಬೆಳೆ ಕಾಯುವ ಕೋವಿಗಳಲ್ಲಿ ಹಲವು ಕೇಪಿನ ಕೋವಿಗಳು. ನಳಿಗೆಯ ಬಾಯಿಂದ ತುಂಬಿ, ಹಿಂದೆ ಕೇಪು ಕೂರಿಸಿ ಹೊಡೆಯುವ, ಹತ್ತೊಂಬತ್ತನೆಯ ಶತಮಾನದಲ್ಲೇ ನಿಂತುಹೋದ ಯಂತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆರಕ್ಷಣೆಗೆಂದು ಹೆಸರಿಟ್ಟು ಗುರುತಿಸಿರುವುದೂ ಬಾಯಿಂದ ತುಂಬುವ ಈ ಜಾತಿಯನ್ನೇ. ಒಂದು ಈಡು ಮುಗಿದರೆ ಎರಡನೆಯದಕ್ಕೆ ಪುನಃ ಮೊದಲಿನಿಂದ ಎಲ್ಲ. ನಳಿಗೆ ಮೇಲ್ಮುಖ, ಮುಖ ಪಕ್ಕಕ್ಕೆ. ಮೊದಲು ಗಜ ಇಳಿಸಿ ಒಳಗೇನೂ ಇಲ್ಲವೆಂದು ನೋಡಿಕೊಳ್ಳುವುದು. ಪಳಗಿದವರ ಗಜದ ಮೇಲೆ ಎರಡು ಗೀರುಗಳಿರುತ್ತವೆ: ಒಂದು ಬರಿದಾದಾಗ ಬಾಯಿಯ ಮಟ್ಟಕ್ಕೆ ನಿಲ್ಲುವ ಗೀರು, ಇನ್ನೊಂದು ತುಂಬಿದಾಗಿನದು. ಮರೆತು ಮದ್ದಿನ ಮೇಲೆ ಮದ್ದು ತುಂಬಿದವನ ನಳಿಗೆ ಸೀಳಿ ಹೂವಾಗುತ್ತದೆ, ಜೊತೆಗೆ ಬೆರಳುಗಳೂ. ಆ ಎರಡು ಗೀರಿನಷ್ಟು ಅಗ್ಗದ ವಿಮೆ ಬೇರೆ ಇಲ್ಲ.

ಆಮೇಲೆ ಅಳತೆಯ ಮದ್ದು. ಅಳತೆ ಹಿಡಿಯುವುದು ಯಾವಾಗಲೂ ಅದೇ ಒಂದು ಚಿಕ್ಕ ಬಟ್ಟಲಿನಲ್ಲಿ. ಕಣ್ಣಂದಾಜಿಗೆ ಸುರಿಯುವವನನ್ನು ಹಳಬರು ಪಕ್ಕಕ್ಕೂ ನಿಲ್ಲಿಸಿಕೊಳ್ಳುವುದಿಲ್ಲ. ಮೇಲೆ ತೆಂಗಿನ ನಾರಿನ ಉಂಡೆ, ಗಜದಿಂದ ಮೆತ್ತಗೆ ಜಡಿತ. ಚರೆ ಹಾಕುವುದಿದ್ದರೆ ಆಗ ಚರೆ, ಅದರ ಮೇಲೊಂದು ನಾರು. ಗಜ ಹೊರಗೆ ಬಂದು ತನ್ನ ಜಾಗ ಸೇರಿದ ಮೇಲೆ ಎಲ್ಲಕ್ಕಿಂತ ಕೊನೆಗೆ, ಹೊಡೆಯುವ ಗಳಿಗೆಗೇ, ಕುದುರೆ ಎಂದು ಕರೆಯುವ ಸುತ್ತಿಗೆಯ ಕೆಳಗೆ ತಾಮ್ರದ ಪುಟ್ಟ ಕೇಪು. ಕೇಪು ಕೂರಿಸಿಕೊಂಡು ಬದು ದಾಟುವವನಿಗೆ ಬೈಗುಳ ಖಾತ್ರಿ. ಕೇಪು ಸಿಡಿದು ಮದ್ದು ಹತ್ತದಿದ್ದರೆ ಅವಸರ ಕೂಡದು. ಕಿಡಿ ಒಳಗೇ ಹೊಗೆಯಾಡುತ್ತ ಕೂತಿರಬಹುದು. ನಳಿಗೆಯನ್ನು ಖಾಲಿ ಬಯಲಿನ ಕಡೆ ತಿರುಗಿಸಿ ಹಿಡಿದು, ಸುಮ್ಮನೆ ನಿಂತಿರಬೇಕು. ಇವೆಲ್ಲ ಕೈಗೆ ಕೈಯಿಂದ ಬಂದ ಪಾಠಗಳು.

ತೋಟಾ ಕೋವಿ ಇರುವವರಿಗೆ ಇಷ್ಟು ರಗಳೆ ಇಲ್ಲ. ಪುಣೆ ಬಳಿಯ ಖಡ್ಕಿಯ ಸರ್ಕಾರಿ ಕಾರ್ಖಾನೆಯ ಹನ್ನೆರಡು ಬೋರಿನ ತೋಟಾ ತಂದು ಸೇರಿಸಿದರಾಯಿತು. ಆ ಹನ್ನೆರಡರ ಲೆಕ್ಕವೂ ಸ್ವಾರಸ್ಯದ್ದೇ: ನಳಿಗೆಯ ಅಗಲಕ್ಕೆ ಸರಿಹೊಂದುವ ಸೀಸದ ಗುಂಡು ಹನ್ನೆರಡು ತೂಗಿದರೆ ಒಂದು ಪೌಂಡು. ಖರ್ಚಾದ ಪ್ರತಿ ತೋಟಾಗೂ ಲೈಸೆನ್ಸಿನಲ್ಲಿ ಲೆಕ್ಕವಿರುತ್ತದೆ, ಮನಸೋಇಚ್ಛೆ ಕೊಳ್ಳುವಂತಿಲ್ಲ.

ಇನ್ನು ಆರೈಕೆ. ಕರಿಮದ್ದು ಹೊತ್ತಿದ ಮೇಲೆ ನಳಿಗೆಯೊಳಗೆ ಉಳಿಯುವ ಮಸಿ ಗಾಳಿಯ ತೇವ ಹೀರುತ್ತದೆ. ಒಂದು ರಾತ್ರಿ ಬಿಟ್ಟರೆ ಸಾಕು, ಬೆಳಗಾಗುವಷ್ಟರಲ್ಲಿ ಕಬ್ಬಿಣಕ್ಕೆ ಕೆಂಪು ಹತ್ತಿರುತ್ತದೆ. ಆದ್ದರಿಂದ ಹೊಡೆದ ಮರುದಿನ ಬೆಳಿಗ್ಗೆ ಬಚ್ಚಲೊಲೆಯ ಹಂಡೆಯ ಮೊದಲ ತಂಬಿಗೆ ನೀರು ಮನೆಯವರಿಗಲ್ಲ, ಕೋವಿಗೆ. ಕುದಿಯುವ ನೀರನ್ನು ಬಾಯಿಂದ ಸುರಿದರೆ ಹಿಂದಿನ ತೂತಿನಿಂದ ಶಾಯಿಯಂಥ ಕರಿ ನೀರು ಚಿಮ್ಮುತ್ತದೆ. ಕೊಳೆತ ಮೊಟ್ಟೆಯ ನಾತ. "ಹಿತ್ಲಿಗೆ ಹೋಗಿ ಮಾಡ್ಬಾರ್ದಾ ಇದ್ನ?" ಎಂದು ಒಳಗಿನಿಂದ ಹೆಂಗಸರ ಕೂಗು. ಮೂರನೆಯದೋ ನಾಲ್ಕನೆಯದೋ ತಂಬಿಗೆಗೆ ನೀರು ತಿಳಿಯಾಗುತ್ತದೆ. ಬಿಸಿ ನೀರಿನ ಗುಟ್ಟೆಂದರೆ ನಳಿಗೆಯೂ ಕಾದು ತನ್ನ ತೇವ ತಾನೇ ಆರಿಸಿಕೊಳ್ಳುತ್ತದೆ. ಗಜದ ತುದಿಗೆ ಹಳೆಯ ಪಂಚೆಯ ಚೂರು ಸುತ್ತಿ ಒಳಗೆ ಎಳೆದಾಡಿ, ಬಟ್ಟೆ ಬೆಳ್ಳಗೆ ಹೊರಬಂದ ಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆ. ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ. ಅದು ಮರದ ಹಿಡಿಗೆ ಚೆನ್ನ, ಕುದುರೆಯ ಸಂದಿಗೆ ಸೇರಿದರೆ ಕಾಲಕ್ರಮೇಣ ಗೋಂದಾಗಿ ಕಚ್ಚಿಕೊಳ್ಳುತ್ತದೆ.

ಚನ್ನಗಿರಿಯ ಅಡಿಕೆ ತೋಟದ ನಡುವಿನ ಮನೆಯಲ್ಲಿ ಕೋವಿಯ ಶತ್ರು ತೇವ. ಮಳೆಗಾಲದಲ್ಲಿ ಹಳಬರು ಅದನ್ನು ಅಡುಗೆಮನೆಯ ಹೊಗೆ ತಾಗುವ ಕಡೆ ತೊಲೆಗೆ ತೂಗುಹಾಕುತ್ತಿದ್ದರು. ಗ್ಯಾಸ್ ಒಲೆ ಬಂದ ಮೇಲೆ ಆ ಜಾಗಕ್ಕೆ ಅರ್ಥವಿಲ್ಲ. ಜಗಳೂರಿನಲ್ಲಿ ತುಕ್ಕಿನ ಚಿಂತೆ ಕಡಿಮೆ. ಅಲ್ಲಿ ಧೂಳು. ಎಣ್ಣೆ ಹೆಚ್ಚಾದರೆ ಕೆಂಪು ಧೂಳು ಮೆತ್ತಿಕೊಂಡು ಉಪ್ಪುಕಾಗದದಂತೆ ಉಜ್ಜುತ್ತದೆ, ಬಿಸಿಲಿಗೆ ಮರದ ಹಿಡಿ ಬಿರಿಯುತ್ತದೆ. ಮುರಿದರೆ ಊರ ಕಮ್ಮಾರನ ಕುಲುಮೆಗೆ ಒಯ್ಯುವಂತಿಲ್ಲ, ಕೋವಿ ರಿಪೇರಿಗೂ ಲೈಸೆನ್ಸ್ ಬೇಕು.

ಇಷ್ಟೆಲ್ಲ ಉಪಚಾರ ಮಾಡಿಸಿಕೊಳ್ಳುವ ಈ ವಸ್ತು ಮಾಡುವ ಕೆಲಸವೇನು? ಸದ್ದು. ಕಾಡುಹಂದಿ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿ; ಇಲಾಖೆಯ ಅನುಮತಿ ಇಲ್ಲದೆ ಕೊಂದರೆ ಬೆಳೆಯ ಜೊತೆ ನೆಮ್ಮದಿಯೂ ಹೋಗುತ್ತದೆ. ಹಾಗಾಗಿ ಬುದ್ಧಿವಂತ ಬೇಸಾಯಗಾರನ ಕೋವಿಯಲ್ಲಿ ಚರೆ ಇರುವುದಿಲ್ಲ, ಬರೀ ಮದ್ದು, ನಾರು. ನ್ಯಾಮತಿ ಕಡೆಯ ಮೆಕ್ಕೆಜೋಳದ ಹೊಲ ತೆನೆ ಕಟ್ಟಿದ ರಾತ್ರಿ ಹೀಗಿರುತ್ತದೆ: ಅಟ್ಟಣಿಗೆಯ ಮೇಲೆ ಕಂಬಳಿ, ಕೆಳಗೆ ನಾಯಿ, ದೂರದಲ್ಲಿ ಪಂಪ್‌ಸೆಟ್ಟಿನ ಗುಂಯ್. ನಡುರಾತ್ರಿ ದಾಟಿದ ಮೇಲೆ ಜೋಳದ ದಂಟು ಲಟಕ್ಕೆನ್ನುತ್ತದೆ. ನಾಯಿ ಎದ್ದು ನಿಲ್ಲುತ್ತದೆ, ಬೊಗಳುವುದಿಲ್ಲ. ಕೇಪು ಕೂತಿತು, ನಳಿಗೆ ಆಕಾಶಕ್ಕೆ. ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬರುವ ಹೊತ್ತಿಗೆ ಬಿಳಿ ಹೊಗೆ ಅಟ್ಟಣಿಗೆಯನ್ನೇ ನುಂಗಿರುತ್ತದೆ, ಹೊಡೆದವನಿಗೇ ಎದುರಿನ ಹೊಲ ಕಾಣದು. ಪಕ್ಕದ ಹೊಲದವನು ಕೂಗುತ್ತಾನೆ: "ಏ ಮಾವ, ನಿಮ್ಮಲ್ಲಿಂದ ಓಡ್ಸಿ ನಮ್ಮಲ್ಲಿಗೆ ಬಿಟ್ರಲ್ಲೋ!" ಮಾತು ಖರೆ. ಕೋವಿ ಹಂದಿಯನ್ನು ಓಡಿಸುವುದಿಲ್ಲ, ಹಂಚುತ್ತದೆ.

ಇದಕ್ಕೆ ಈಗ ಎದುರಾಳಿಗಳು ಬಹಳ. ಪಿವಿಸಿ ಕೊಳವೆಯ ಕಾರ್ಬೈಡ್ ಗನ್ನು, ಪಟಾಕಿ, ಹೊಲದ ಸುತ್ತ ಬಣ್ಣಬಣ್ಣದ ಸೀರೆ, ಸೋಲಾರ್ ಬೇಲಿ, ರಾತ್ರಿಯಿಡೀ ನಾಯಿಯ ಧ್ವನಿ ಬೊಗಳುವ ಮೈಕು. ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಮಂಗಗಳ ಕಾಟಕ್ಕೆ ತಮ್ಮ ನಾಯಿಗೆ ಹುಲಿಪಟ್ಟೆ ಬಳಿದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾದರು. ನಕ್ಕವರಲ್ಲಿ ತೋಟ ಇದ್ದವರು ಕಡಿಮೆ.

ಆನೆಯ ಮುಂದೆ ಮಾತ್ರ ಇವೆಲ್ಲ ಆಟಿಕೆ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆಗೆ ಬಾಲಕಿಯೊಬ್ಬಳು ಬಲಿಯಾದಳು. ಅದನ್ನು ಹಿಡಿಯಲು ನ್ಯಾಮತಿ ತಾಲ್ಲೂಕಿನ ಜೀನಹಳ್ಳಿ ಬಳಿ ಕಾರ್ಯಾಚರಣೆ ನಡೆದಾಗ ಅರಿವಳಿಕೆ ಮದ್ದಿನ ಬಂದೂಕು ಹಿಡಿದಿದ್ದ ಪಶುವೈದ್ಯರ ಮೇಲೆಯೇ ಆನೆ ನುಗ್ಗಿತು. ಮೇ 10ರ ವಿಧಾನಸಭಾ ಚುನಾವಣೆ ಘೋಷಣೆಯಾಗಿ ಎರಡು ವಾರವಷ್ಟೇ ಆಗಿತ್ತು. ಊರಿನ ಕೋವಿಗಳು ಠಾಣೆ ಸೇರುವ ಹೊತ್ತು. ಮನೆಯಲ್ಲಿದ್ದಿದ್ದರೂ ಏನೂ ಆಗುತ್ತಿರಲಿಲ್ಲ, ಆದರೂ ಆ ವಾರಗಳಲ್ಲಿ ಬರಿಗೈಯ ಭಾವ ಬೇರೆಯೇ.

ಪಿಸ್ತೂಲೆಂಬುದು ಈ ಸೀಮೆಯಲ್ಲಿ ಇನ್ಸ್‌ಪೆಕ್ಟರ ಸೊಂಟದಲ್ಲಿ, ಇಲ್ಲವೇ ಟಿವಿಯಲ್ಲಿ. ಟಿವಿಯ ಪಿಸ್ತೂಲಿಗೆ ಈಚೆಗೆ ಕನ್ನಡದ ಹೆಸರುಗಳೂ ಸೇರಿವೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು. ಟಿ.ಎಸ್. ದಿವ್ಯಾ 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದಲ್ಲಿ ಚಿನ್ನ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ಅವರ ಗುರಿಯ ನಡುವಿನ ಹತ್ತರ ವೃತ್ತ ಬರೀ 11.5 ಮಿಲಿಮೀಟರ್, ಹತ್ತು ಮೀಟರ್ ದೂರದಿಂದ, ಒಂದೇ ಕೈಯಲ್ಲಿ, ಗಾಳಿಯ ಒತ್ತಡದಲ್ಲಿ ಹಾರುವ 4.5 ಮಿಲಿಮೀಟರಿನ ಸೀಸದ ಕಾಳಿನಿಂದ ಅದನ್ನು ಮುಟ್ಟಬೇಕು. ಅಟ್ಟಣಿಗೆಯ ಅಜ್ಜನಿಗೆ ಇದನ್ನು ವಿವರಿಸಿದರೆ ಅವರ ಮೊದಲ ಪ್ರಶ್ನೆ, "ಸದ್ದು ಬರುತ್ತಾ?" ಇಲ್ಲವೆಂದರೆ ಆಸಕ್ತಿ ಅಲ್ಲಿಗೆ ಮುಗಿಯಿತು.

ಜಗಳೂರಿನ ರಂಗಯ್ಯನದುರ್ಗದ ಸುತ್ತ ಸದ್ದಿಗೂ ಮಿತಿ. 2011ರಲ್ಲಿ ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡು ಅಭಯಾರಣ್ಯವಾಯಿತು, ಕೊಂಡುಕುರಿಗಾಗಿ. ನಾಯಿಗಿಂತ ತುಸು ಎತ್ತರದ, ನಾಚಿಕೆಯ ಪ್ರಾಣಿ. ಗಂಡಿಗೆ ಕಿವಿಗಳ ನಡುವೆ ಎರಡು, ಹಣೆಯ ಮುಂದೆ ಮೊಳಕೆಯಂಥ ಎರಡು, ಒಟ್ಟು ನಾಲ್ಕು ಕೊಂಬು. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಕೋವಿ ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲೂ ಹೆಸರು ಬರೆಸಬೇಕು. ಹೊಸ ಲೈಸೆನ್ಸ್ ಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಶೇಂಗಾ, ಮೆಕ್ಕೆಜೋಳ ಬಿತ್ತಿ ಮಳೆಗೆ ಬಾಯಿಬಿಟ್ಟು ಕೂತ ಸೀಮೆಯಿದು. "ಕೊಂಡುಕುರಿ ನಮ್ಗೇನ್ ಮಾಡ್ತೈತ್ರಿ, ಪಾಪ. ಹಂದೀಗೂ ಕರಡೀಗೂ ಅದರ ನೆಳ್ಳಾಗ ಆರಾಮ ಆಗೇತಿ ನೋಡ್ರಿ" ಎನ್ನುವ ಮಾತು ಇಲ್ಲಿನದು.

ಕೊಡಗಿನಲ್ಲಾದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವೇರಿಸಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಇಲ್ಲಿ ಅಷ್ಟು ಸಡಗರವಿಲ್ಲ. ಆಯುಧಪೂಜೆಯ ದಿನ ಟ್ರ್ಯಾಕ್ಟರು, ನೇಗಿಲು, ಅಡಿಕೆ ಸುಲಿಯುವ ಮೆಷಿನ್ನು, ಕೊನೆಗೆ ಕೋವಿ. ವಿಭೂತಿ, ಕುಂಕುಮ, ಒಂದು ಚೆಂಡು ಹೂವು. ಬೂದಿ ನಳಿಗೆಯೊಳಗೆ ಬೀಳದಂತೆ ಬಾಯಿಗೆ ಬಟ್ಟೆ ತುರುಕಿರುತ್ತಾರೆ.

ಈಗಿನ ತಾಪತ್ರಯ ವಾರಸಿನದು. 2016ರ ನಿಯಮದಂತೆ ಎಪ್ಪತ್ತು ತುಂಬಿದವರು, ಇಲ್ಲವೇ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡವರು ಅದನ್ನು ಮನೆಯ ವಾರಸುದಾರರಿಗೆ ದಾಟಿಸಲು ಅರ್ಜಿ ಕೊಡಬಹುದು. ಪಡೆಯುವವರು ಸುರಕ್ಷತಾ ತರಬೇತಿ ಪಡೆದಿರಬೇಕು. ಗಂಡುಮಕ್ಕಳು ಬೆಂಗಳೂರಿನಲ್ಲಿ, "ಸರೆಂಡರ್ ಮಾಡ್ಬಿಡಪ್ಪ, ಐದು ವರ್ಷಕ್ಕೊಮ್ಮೆ ಯಾರು ರಿನೀವಲ್‌ಗೆ ಅಲೀತಾರೆ" ಎಂದು ಫೋನಿನಲ್ಲೇ ತೀರ್ಪು. ಹೊನ್ನಾಳಿ ಕಡೆಯ ಒಂದು ಮನೆಯಲ್ಲಿ ಅರ್ಜಿಗೆ ಫೋಟೊ ಅಂಟಿಸಿರುವುದು ಮಗಳು. ತೋಟ ನೋಡಿಕೊಳ್ಳುವವಳು ಅವಳೇ, ರಾತ್ರಿ ಮೋಟರು ಹಾಕಲು ಹೋಗುವವಳೂ ಅವಳೇ. ಅಪ್ಪನಿಗೆ ಒಳಗೊಳಗೇ ಹೆಮ್ಮೆ, ಬಾಯಲ್ಲಿ ಮಾತ್ರ ತಕರಾರು.

"ಎಣ್ಣೆ ಜಾಸ್ತಿ ಆಯ್ತು, ಒರ್ಸು."

"ನೀನೇ ಹಾಕಿದ್ದಪ್ಪ ಅದು, ನಿನ್ನೆ."

"ಆದ್ರೂ ಒರ್ಸು."

ಅವಳು ಪಂಚೆಯ ಚೂರಿಗೆ ಕೈಚಾಚುತ್ತಾಳೆ. ಅರ್ಜಿಯ ಜೊತೆ ಇಡಬೇಕಾದ ಕಾಗದಗಳಲ್ಲಿ ಇನ್ನೂ ಎರಡು ಬಾಕಿ ಇವೆ, ನಾಡಕಚೇರಿಯಲ್ಲಿ ಸರ್ವರ್ ಡೌನ್.